ಅಪ್ಪನ ಮೇಲೆ ಬಂದ ಅಪವಾದ

ಇಂಟರ್‌ನೆಟ್ ಹೋಯಿತೆಂದರೆ ಈಗಿನ ಮಕ್ಕಳು ಎರಡು ನಿಮಿಷ ಮುಖ ಊದಿಸಿಕೊಂಡು ಕೂರುತ್ತಾರೆ, ಅಷ್ಟೇ. 2001ರ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಅದು ಹೋದಾಗ ಅಪ್ಪನ ಮಾನವೇ ಹೋಗುವುದರಲ್ಲಿತ್ತು.

ನನಗಾಗ ಇಪ್ಪತ್ತು ವರ್ಷ. ಕಂಪ್ಯೂಟರ್ ಬಂದದ್ದು ನನ್ನ ಕಾಲೇಜಿನ ನೆಪದಲ್ಲಿ. ಒಂದೇ ತಿಂಗಳಲ್ಲಿ ಅದು ಅಪ್ಪನದಾಯಿತು. ಅಪ್ಪ ದಕ್ಷಿಣ ಕೊರಿಯಾದ ಜೊಂಜು ಊರಿನಲ್ಲಿ ಸಿಟಿ ಬಸ್ ಓಡಿಸುತ್ತಿದ್ದರು. ಸಂಜೆ ಐದೂವರೆಗೆ ಮನೆಗೆ ಬಂದು, ಕಾಲು ತೊಳೆದು, ಆರಕ್ಕೆ ಸರಿಯಾಗಿ ಕಂಪ್ಯೂಟರಿನ ಗಿಡ್ಡ ಮೇಜಿನ ಮುಂದೆ ಚಕ್ಕಳಮಕ್ಕಳ ಹಾಕುತ್ತಿದ್ದರು. ಕಪ್ಪು ಕಲ್ಲು, ಬಿಳಿ ಕಲ್ಲು ಇಟ್ಟು ಆಡುವ ಬಾದುಕ್ ಆಟ ಅವರ ಪ್ರಾಣ. ಇಂಟರ್‌ನೆಟ್ಟಿನಲ್ಲಿ ಅವರ ಎದುರಾಳಿ ಮೊಕ್ಪೊ ಬಂದರಿನ ಒಬ್ಬ ಬೆಸ್ತ. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೂ ಬೆಸ್ತ ಅಪ್ಪನನ್ನು ಅಣ್ಣ ಎನ್ನುತ್ತಿದ್ದ, ಅಪ್ಪ ಅವನ ದೋಣಿಯ ಕ್ಷೇಮ ವಿಚಾರಿಸುತ್ತಿದ್ದರು.

ಡಿಸೆಂಬರಿನ ಚಳಿ ಏರಿದ ಹಾಗೆ ತೊಂದರೆ ಶುರುವಾಯಿತು. ಆರೂವರೆ ಹೊತ್ತಿಗೆ ಆಟ ಕುಂಟತೊಡಗುವುದು; ಇಟ್ಟ ಕಲ್ಲು ಪರದೆಯ ಮೇಲೆ ಬೀಳಲು ಒಂದು ನಿಮಿಷ. ಆಮೇಲೆ ಮೋಡೆಮಿನ ಹಸಿರು ದೀಪ ಪಿಳಿಪಿಳಿ ಎಂದು ಆರಿಯೇಬಿಡುವುದು. ಆ ಆಟದ ಜಾಲತಾಣದ ನಿಯಮವೊಂದಿತ್ತು: ಸಂಪರ್ಕ ಕಡಿದವನು ಐದು ನಿಮಿಷದಲ್ಲಿ ಮರಳದಿದ್ದರೆ ಆಟ ರದ್ದು, ಸೋಲೂ ಇಲ್ಲ, ಗೆಲುವೂ ಇಲ್ಲ. ಸೋಲುವ ಹೇಡಿಗಳು ಬೇಕೆಂದೇ ತಂತಿ ಕಿತ್ತು ಓಡುತ್ತಿದ್ದರು. ಅಪ್ಪನ ಆಟ ನಾಲ್ಕು ಸಲ ಹೀಗೆ ಕಡಿಯಿತು. ಅವರ ದುರದೃಷ್ಟ ನೋಡಿ, ನಾಲ್ಕೂ ಸಲ ಸೋಲುವುದರಲ್ಲಿದ್ದರು.

ಐದನೆಯ ದಿನ ಬೆಸ್ತ ಆ ತಾಣದಲ್ಲಿ ಎಲ್ಲರೂ ಓದುವ ಹಲಗೆಯಲ್ಲಿ ಬರೆದ: "ಓಡಿಹೋಗೋರ ಜೊತೆ ನಾನು ಆಡಲ್ಲ. ಭಾನುವಾರ ಆರು ಗಂಟೆಗೆ ಕೊನೇ ಆಟ. ಅವತ್ತೂ ಲೈನ್ ಹೋದ್ರೆ, ನೀವೇನು ಅಂತ ನಂಗೆ ಗೊತ್ತಾಯ್ತು."

ಅಣ್ಣ ಎಂಬ ಮಾತೇ ಇರಲಿಲ್ಲ. ಅಪ್ಪ ಅದನ್ನು ಮೂರು ಸಲ ಓದಿ, ಕನ್ನಡಕ ತೆಗೆದಿಟ್ಟರು. ಇಪ್ಪತ್ತಾರು ವರ್ಷ ಬಸ್ ಓಡಿಸಿದವರು, ಯಾರೊಬ್ಬರನ್ನೂ ನಡುದಾರಿಯಲ್ಲಿ ಇಳಿಸಿ ಹೋದವರಲ್ಲ.

ರಿಪೇರಿಯ ಹೊಣೆ ನನ್ನ ತಲೆಗೆ ಬಂತು. ಮೋಡೆಮ್ ಆರಿಸಿ ಹಚ್ಚಿದೆ. ಗೋಡೆಯಲ್ಲಿನ ಫೋನ್ ಸಾಕೆಟ್ ಬಿಚ್ಚಿ ಧೂಳು ಊದಿದೆ. ಅಮ್ಮ ಚಿಕ್ಕಮ್ಮನ ಜೊತೆ ಫೋನಿನಲ್ಲಿ ಹರಟುವುದರಿಂದಲೇ ಹೀಗಾಗುತ್ತಿದೆ ಎಂದು ಜಗಳ ತೆಗೆದೆ.

"ನಾನು ಫೋನ್ ಮುಟ್ಟಿ ಮೂರು ದಿನ ಆಯ್ತು ಕಣೇ," ಎಂದರು ಅಮ್ಮ. "ಕಿಮ್ಚಿ ಹಾಕಿದ್ದು ಹೇಗಾಯ್ತು ಅಂತ ಕೂಡ ಅವಳನ್ನ ಕೇಳಿಲ್ಲ. ಹೊಟ್ಟೆ ಉಬ್ಬರಿಸ್ತಿದೆ ನಂಗೆ."

ಕಂಪನಿಯ ಮನುಷ್ಯ ಎರಡು ಸಲ ಬಂದ, ಎರಡು ಸಲವೂ ಬೆಳಿಗ್ಗೆ. ಆಗ ದೀಪ ಸಾಧುವಿನಂತೆ ಸ್ಥಿರವಾಗಿ ಉರಿಯುತ್ತಿತ್ತು. "ಲೈನು ಸರಿಯಾಗಿದೆ. ಮನೇಲಿ ಯಾರಾದ್ರೂ ಕೀಳ್ತಾರೇನೋ ನೋಡ್ಕೊಳಿ," ಎಂದು ನಕ್ಕು ಹೋದ.

ಆ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ಶುಕ್ರವಾರ ಸಿಟ್ಟಿನಲ್ಲಿ ಕೇಳಿಯೇಬಿಟ್ಟೆ: "ಅಪ್ಪಾ, ನಿಜ ಹೇಳಿ. ನೀವೇ ಕೀಳ್ತಿದೀರಾ?"

ಅಪ್ಪ ಬೈಯಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ಆ ಚಳಿಯಲ್ಲಿ ಬಹಳ ಹೊತ್ತು ನಿಂತಿದ್ದರು. ನಾನು ಆಡಬಾರದಿದ್ದ ಮಾತು ಅದು. ಈಗಲೂ ನೆನೆದರೆ ನನ್ನ ನಾಲಗೆಗೆ ನಾನೇ ಬರೆ ಹಾಕಬೇಕೆನಿಸುತ್ತದೆ.

ಭಾನುವಾರ ಸಂಜೆ ಐದೂವರೆಗೆ ಮೋಡೆಮಿನ ದೀಪವನ್ನೇ ಕಾಯುತ್ತ ನೆಲದ ಮೇಲೆ ಬೋರಲು ಮಲಗಿದ್ದೆ. ಅಮ್ಮ ಎಂದಿನಂತೆ ಬಾಯ್ಲರ್ ಏರಿಸಿದ್ದರು. ನಮ್ಮ ಮನೆಗಳಲ್ಲಿ ಬಾಯ್ಲರಿನ ಬಿಸಿನೀರು ನೆಲದಡಿ ಹರಿಯುತ್ತದೆ; ಕಾಯುವುದು ನೆಲ. ಉಣ್ಣುವುದು, ಮಲಗುವುದು, ಮುನಿಸಿಕೊಳ್ಳುವುದು ಎಲ್ಲ ಅದರ ಮೇಲೆಯೇ. ಸ್ವಲ್ಪ ಹೊತ್ತಿಗೆ ಹೊಟ್ಟೆ ಸುಡತೊಡಗಿತು. ಅತ್ತಿತ್ತ ಹೊರಳಿದೆ.

"ಒದೀಬೇಡ್ವೇ! ಅಲ್ಲಿ ನಿಮ್ಮಪ್ಪನ ಅನ್ನ ಇದೆ," ಎಂದರು ಅಮ್ಮ.

ಅಡುಗೆಮನೆಯ ಕಡೆಯ ಮೂಲೆ ಎಲ್ಲಕ್ಕಿಂತ ಬಿಸಿ. ಮುಚ್ಚಳ ಹಾಕಿದ ಅನ್ನದ ಬಟ್ಟಲನ್ನು ಅಮ್ಮ ಅಲ್ಲೇ ರಜಾಯಿಯ ಅಡಿ ಇಡುತ್ತಿದ್ದರು, ಅಪ್ಪ ಮನೆಗೆ ಬಂದರೂ ಆಟ ಮುಗಿಯುವವರೆಗೆ ಊಟಕ್ಕೆ ಏಳುತ್ತಿರಲಿಲ್ಲವಲ್ಲ! ಬಟ್ಟಲು ಸರಿಸಿದೆ. ಕೆಳಗೆ ನೆಲಹಾಸು ಉಬ್ಬಿತ್ತು. ಆಗ ಹೊಳೆಯಿತು. ಮನುಷ್ಯರು ಉರುಳಾಡುವ ನೆಲದ ಮೇಲೆ ಮೋಡೆಮಿನ ತಂತಿ ಎಳೆಯುವುದು ಅಸಹ್ಯವೆಂದು ಅಪ್ಪನೇ ಅದನ್ನು ನೆಲಹಾಸಿನಡಿ ಹಾಯಿಸಿದ್ದರು.

ಹಾಸು ಎತ್ತಿ ನೋಡಿದರೆ, ಉದ್ದ ಸಾಲದೆ ಎರಡು ತುಂಡು ತಂತಿಯನ್ನು ಹೊಸೆದು ಟೇಪು ಸುತ್ತಿದ ಗಂಟು ಸರಿಯಾಗಿ ಆ ಬಿಸಿ ಮೂಲೆಯಲ್ಲೇ ಇತ್ತು. ಅಂಟು ಕರಗಿ ಬೆಲ್ಲದ ಪಾಕವಾಗಿತ್ತು, ಗಂಟು ಸಡಿಲಾಗಿತ್ತು. ರಾತ್ರಿ ನೆಲ ಆರಿದರೆ ಮತ್ತೆ ಕೂಡಿಕೊಳ್ಳುತ್ತಿತ್ತು, ಸಂಜೆ ಕಾದರೆ ಬಿಡುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಮನೆಯಲ್ಲಿ ನಿಜಕ್ಕೂ ನೆಲದ್ದೇ ತಪ್ಪು!

ಆರಕ್ಕೆ ಹತ್ತು ನಿಮಿಷವಿತ್ತು. ಹೊಸ ತಂತಿ ತರಲು ಹೊತ್ತಿಲ್ಲ. ಗಂಟನ್ನು ಬಿಗಿದೆ, ಬಿಸಿ ನೆಲದಲ್ಲಿ ಟೇಪು ನಿಲ್ಲಲೊಲ್ಲದು.

"ಬಾಯ್ಲರ್ ಆರಿಸಮ್ಮಾ! ಕಿಟಕಿ ತೆಗಿ!"

"ಹೊರಗೆ ಹಿಮ ಬೀಳ್ತಾ ಇದೆ, ತಲೆ ಕೆಟ್ಟಿದೆಯಾ ಇವಳಿಗೆ?"

"ಆರಿಸು," ಎಂದರು ಅಪ್ಪ.

ಅಪ್ಪ ಬಸ್ಸಿನ ಕೋಟು ತೊಟ್ಟು ಕೂತರು. ಅಮ್ಮ ರಜಾಯಿಯಲ್ಲಿ ಮೂಗಿನವರೆಗೆ ಮುಳುಗಿದರು. ನಾನು ಗಂಟನ್ನು ಬೆರಳಲ್ಲಿ ಹಿಡಿದೇ ಇದ್ದೆ. ಆರೂವರೆ ಕಳೆಯಿತು, ಏಳಾಯಿತು. ದೀಪ ಮಿಸುಕಲಿಲ್ಲ. ಆದರೆ ಅಪ್ಪನ ಬಿಳಿ ಕಲ್ಲುಗಳು ಒಂದೊಂದಾಗಿ ಸಾಯುತ್ತಿದ್ದವು.

ಅಪ್ಪನನ್ನು ನನ್ನ ಹೆಸರು ಹಿಡಿದೇ ಕರೆಯುವ ಅಮ್ಮ ಪಿಸುಗುಟ್ಟಿದರು: "ಮಿಹ್ಯಾಂಗ್ ಅಪ್ಪಾ, ಸೋಲ್ತಾ ಇದೀರಾ? ಬಾಯ್ಲರ್ ಹಾಕ್ಲಾ?"

ಎರಡು ವಾರದಲ್ಲಿ ಮೊದಲ ಬಾರಿಗೆ ಅಪ್ಪ ನಕ್ಕರು. "ಮುಟ್ಟಿದ್ರೆ ನೋಡು! ಸೋಲೋದಕ್ಕೂ ಲೈನು ಬೇಕು ಕಣೆ."

ಎರಡೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದರು: ನಾನು ಸೋತೆ. ನನ್ನ ಬೆರಳು ಮರಗಟ್ಟಿತ್ತು. ಆಮೇಲೆ ಬೆಸ್ತನ ಸಾಲು ಮೂಡಿತು: "ಅಣ್ಣಾ, ಲೈನೇ ಕೆಟ್ಟಿತ್ತು ಅಂತ ಈಗ ನಂಬಿದೆ. ತಪ್ಪು ನಂದು. ಕ್ಷಮಿಸ್ತೀರಾ?"

ಅಪ್ಪ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿ, "ನನ್ನನ್ನೂ," ಎಂದೆ. ಅವರು ಕೋಟು ಬಿಚ್ಚಿ ನನ್ನ ಹೆಗಲಿಗೆ ಹೊದಿಸಿದರು. ಡೀಸೆಲ್ಲಿನ ವಾಸನೆಯ ಕೋಟು ಅದು. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಅಂಥ ಒಂದು ಸಂಜೆಗೆ ಈಗ ನನ್ನ ಮನೆಯ ಇಂಟರ್‌ನೆಟ್ಟನ್ನೆಲ್ಲ ಕೊಟ್ಟುಬಿಡುತ್ತೇನೆ.

"ಸೋತು ಹೀಗೆ ನಗೋ ಗಂಡಸನ್ನ ನಾನು ನೋಡೇ ಇಲ್ಲ," ಎಂದರು ರಜಾಯಿಯೊಳಗಿನ ಅಮ್ಮ, ಹಲ್ಲು ಕಟಕಟಿಸುತ್ತ. "ಈಗಲಾದ್ರೂ ಬಾಯ್ಲರ್ ಹಾಕ್ಲಾ?"

"ಇನ್ನೊಂದು ಹತ್ತು ನಿಮಿಷ ತಡಿ," ಎಂದರು ಅಪ್ಪ, ಪರದೆಯಿಂದ ಕಣ್ಣು ಕೀಳದೆ. "ಅವನ ಮಂಡಿನೋವಿನ ಕತೆ ಹೇಳ್ತಾ ಇದಾನೆ."