ಫೋಟೋದೊಳಗಿನ ನಾಲ್ಕು ಮೊಳ

ನಮ್ಮೂರು ಯಳವಿಯ ಹೆಂಗಸರಲ್ಲಿ ನನ್ನ ಅಕ್ಕ ಹಾಲವ್ವನಷ್ಟು ಎತ್ತರದವಳು ಇನ್ನೊಬ್ಬಳಿರಲಿಲ್ಲ. ಅದು ಅವಳ ತಪ್ಪೇನಲ್ಲ. ಆದರೂ ಊರವರು ಅವಳನ್ನು ತಮ್ಮ ಚಪ್ಪರ ಮುರಿದವಳಂತೆ ನೋಡುತ್ತಿದ್ದರು. ಸ್ವಲ್ಪ ಬಗ್ಗಿ ನಡಿ ಎಂದು ಅವ್ವ ದಿನಾ ಹೇಳುತ್ತಿದ್ದಳು. ನೋಡಲು ಬಂದ ಇಬ್ಬರು ವರರು ಅಕ್ಕ ಎದ್ದು ನಿಂತ ಕೂಡಲೇ ಚಹಾ ಅರ್ಧಕ್ಕೇ ಬಿಟ್ಟು ಹೋಗಿದ್ದರು.

"ಗಿಡ್ಡ ಗಂಡ ಸಿಕ್ರ ಮನ್ಯಾಗೂ ಬಗ್ಗೇ ಇರಬೇಕಾಗತೈತಿ," ಎಂದು ಅಕ್ಕ ನನಗೊಬ್ಬಳಿಗೇ ಹೇಳಿದ್ದಳು. "ನೆಟ್ಟಗ ನಿಲ್ಲಾಕ ನನಗೂ ಒಂದು ಮನಿ ಬೇಕವ್ವ." ಅದನ್ನು ಕೇಳಿ ನನಗೆ ಸಂಕಟವಾಯಿತು.

ಮೂರನೆಯ ಸಲ ಅಪ್ಪ ಅಮೋಗಸಿದ್ದ ಜಾಣನಾದ. ಜತ್ತದಲ್ಲಿ ಆಗಷ್ಟೇ ಫೋಟೋ ಸ್ಟುಡಿಯೋ ಬಂದಿತ್ತು. ಅಲ್ಲಿ ಅಕ್ಕನನ್ನು ಖುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಸಿ ಬಿಳೂರಿಗೆ ಕಳಿಸಿದ. ಕೂತವರ ಎತ್ತರ ಯಾರಿಗೆ ತಿಳಿಯುತ್ತದೆ ಎಂಬುದು ಅವನ ಲೆಕ್ಕ. ಬಿಳೂರಿನಿಂದ ವರ ಬೀರದೇವನ ಫೋಟೋ ಬಂತು. ಅದೇ ಸ್ಟುಡಿಯೋ, ಅದೇ ಹೂಕೆತ್ತನೆಯ ಖುರ್ಚಿ. ಅವನು ಅದರ ಮೇಲೆ ಕೈಯಿಟ್ಟು ನಿಂತಿದ್ದ. ಹಿಂದೆ ಮಾತ್ರ ಸ್ಟುಡಿಯೋದ ನವಿಲಿನ ಪರದೆಯ ಬದಲು ಅವರ ಮನೆಯ ಕರಿ ಕಂಬಳಿಯನ್ನು ನೆಲದವರೆಗೆ ಇಳಿಬಿಟ್ಟಿದ್ದರು. ಕುರಿ ಸಾಕುವ ನಮ್ಮವರಿಗೆ ನವಿಲಿಗಿಂತ ಕಂಬಳಿಯೇ ದೊಡ್ಡಸ್ತಿಕೆ.

ನಮ್ಮ ಸೋದರಮಾವ ಮಲಕಾಜಪ್ಪ ಹಿಂದೊಮ್ಮೆ ಜಮೀನಿನ ಮೋಜಣಿಗೆ ಬಂದವರ ಅಳತೆ ಸರಪಳಿ ಹಿಡಿದಿದ್ದ. ಅಂದಿನಿಂದ ಅಳತೆಯ ವಿಷಯದಲ್ಲಿ ಬೇರೆಯವರು ಬಾಯಿ ಬಿಡುವಂತಿರಲಿಲ್ಲ. ಆ ಕಂಬಳಿ ಐದು ಮೊಳ ಎಂದು ಫೋಟೋ ತಂದವನಿಂದ ಕೇಳಿ ತಿಳಿದುಕೊಂಡ. ಫೋಟೋದಲ್ಲಿ ಕಂಬಳಿಯ ಉದ್ದಕ್ಕೆ ಒಂದು ದಾರ ಕತ್ತರಿಸಿ ಐದು ಪಾಲು ಮಾಡಿ, ಆ ಪಾಲಿನಿಂದ ಹುಡುಗನನ್ನು ಅಳೆದ. ನಾಲ್ಕು ಪಾಲು, ಅಂದರೆ ನಾಲ್ಕು ಮೊಳ. ಆಮೇಲೆ ಅಕ್ಕನನ್ನು ಗೋಡೆಗೆ ನಿಲ್ಲಿಸಿ ತನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಇಟ್ಟಿಟ್ಟು ಅಳೆದ. ನಾಲ್ಕು ಮೊಳಕ್ಕೆ ಅರ್ಧ ಗೇಣು ಕಡಿಮೆ.

ಹುಡುಗನೇ ಎತ್ತರ! ಬಂದವನ ತಲೆಗೆ ಬಡಿದೀತೆಂದು ಮಾವ ಬಾಗಿಲಿಗೆ ತೂಗುಹಾಕಿದ್ದ ಕಂದೀಲು ತೆಗೆಸಿದ. ಅಕ್ಕ ಆ ವಾರವೆಲ್ಲ ನೆಟ್ಟಗೆ ನಡೆದಳು.

ಬೀರದೇವ ಬಂದ. ಕಂದೀಲು ಅಲ್ಲೇ ಇದ್ದಿದ್ದರೂ ಅದರ ಕೆಳಗೆ ಇನ್ನೊಂದು ಕಂದೀಲು ತೂಗುಹಾಕಬಹುದಿತ್ತು, ಅಷ್ಟು ಗಿಡ್ಡ. ಬಾಗಿಲ ಸಂದಿಯಿಂದ ನೋಡಿದ ಅಕ್ಕನ ಮುಖ ಬಾಡಿತು. ಬೆನ್ನು ತಾನಾಗಿಯೇ ಬಾಗಿತು. ನನಗೆ ಮಾವನ ದಾರ ಒಲೆಗೆ ಹಾಕುವಷ್ಟು ಸಿಟ್ಟು ಬಂತು.

ಮಾವನಿಗೆ ನನಗಿಂತ ಹೆಚ್ಚು ಸಿಟ್ಟು. ಕಂಬಳಿಯ ಅಳತೆ ಸುಳ್ಳು ಹೇಳಿದಿರೆಂದು ಬೀಗರ ಮೇಲೆ ಏರಿ ಹೋದ. ಹುಡುಗನ ಅಜ್ಜಿ ಯಮನವ್ವ ಹಿಡಿ ಗಾತ್ರದ ಮುದುಕಿ. ಆಕೆ ಮೆಲ್ಲಗೆ ಎದ್ದು ತೋಳು ಚಾಚಿದಳು.

"ಐದು ಮೊಳಾನ ಐತ್ರಿ," ಎಂದಳು. "ನಮ್ಮ ಮನ್ಯಾಗ ಕಂಬಳಿಗೆ ಮೊಳ ಹಾಕಾಕಿ ನಾನ."

ಮಾವ ತನ್ನ ತೋಳು ಪಕ್ಕದಲ್ಲಿಟ್ಟು ನೋಡಿದ. ಅಜ್ಜಿಯ ಬೆರಳ ತುದಿ ಅವನ ಅಂಗೈ ನಡುವೆಯೇ ಮುಗಿದಿತ್ತು. ಸರಪಳಿ ಯಾವ ಊರಿಗೆ ಹೋದರೂ ಒಂದೇ. ಮೊಳ ಹಾಗಲ್ಲ, ಅಳೆಯುವ ಕೈಗೆ ತಕ್ಕಷ್ಟು ಎಂಬುದು ಈ ಮಹಾಶಯನಿಗೆ ಹೊಳೆದೇ ಇರಲಿಲ್ಲ.

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅಪ್ಪ ಅಕ್ಕನನ್ನು ಹೊರಗೆ ಕರೆದ. ನಮ್ಮ ಹುಡುಗಿ ಭಾಳ ಎತ್ತರ, ಅದನ್ನು ಮರೆಮಾಡಲೆಂದೇ ಕೂರಿಸಿ ಫೋಟೋ ತೆಗೆಸಿದೆ ಎಂದು ಒಪ್ಪಿಕೊಂಡ. ಅಕ್ಕ ಚಹಾದ ತಾಟು ಹಿಡಿದು, ಆದಷ್ಟು ಬಗ್ಗಿ ನಿಂತಿದ್ದಳು.

ಬೀರದೇವ ನಕ್ಕ.

"ನನಗ ಮೊದಲ ಗೊತ್ತಿತ್ರಿ," ಎಂದ. "ಆ ಖುರ್ಚ್ಯಾಗ ನಾನೂ ಕುಂತಿದ್ದೆ. ನನ್ನ ಕಾಲು ನೆಲಕ್ಕ ಹತ್ತಲಿಲ್ಲ, ಅದಕ್ಕ ಫೋಟೋದಂವ ನನ್ನ ನಿಲ್ಲಿಸಿದ. ಇವರ ಫೋಟೋದಾಗ ಮೊಣಕಾಲು ಖುರ್ಚಿಯ ಕುಂಡ್ರೂ ಹಲಗಿಗಿಂತ ಮ್ಯಾಲ ಬಂದಿದ್ವು. ನೋಡೇ ಹೂಂ ಅಂದೀನಿ."

ಎರಡೂ ಫೋಟೋದಲ್ಲಿ ಕಣ್ಣಿಗೆ ಹೊಡೆಯುವಂತೆ ನಿಂತಿದ್ದ ಖುರ್ಚಿ ನಮ್ಮಲ್ಲಿ ಒಬ್ಬರಿಗೂ ಕಂಡಿರಲಿಲ್ಲ. ಮಾವ ಚಪ್ಪಲಿ ಹುಡುಕತೊಡಗಿದ. ಬೀರದೇವ ಅಕ್ಕನ ಕಡೆ ತಿರುಗಿದ.

"ನಾ ಎಲ್ಲಾರ ಮಾರೀನೂ ಕತ್ತು ಎತ್ತೇ ನೋಡ್ತೀನ್ರಿ, ರೂಢಿ ಐತಿ. ನೀವು ಮಾತ್ರ ಬಗ್ಗಬ್ಯಾಡ್ರಿ."

ಅಕ್ಕ ತಾಟು ಕೆಳಗಿಟ್ಟಳು. ನಿಧಾನವಾಗಿ ನೆಟ್ಟಗಾದಳು. ಬೀರದೇವ ಕತ್ತು ಎತ್ತಿ ನೋಡುತ್ತಲೇ ಇದ್ದ. ಅವನು ಚಹಾ ಪೂರ್ತಿ ಕುಡಿದ.

ಮದುವೆಯಲ್ಲಿ ಗಂಡು ಹೆಣ್ಣಿನ ನಡುವೆ ಹಿಡಿಯುವ ಅಂತರಪಟದ ಒಂದು ತುದಿ ಮಾವನ ಕೈಯಲ್ಲಿತ್ತು. ಗಂಡಿನ ಹಣೆ ಮುಚ್ಚುವಷ್ಟಕ್ಕೆ ಸರಿಯಾಗಿ ಅಳೆದು ಹಿಡಿದಿದ್ದ. ಅಕ್ಷತೆ ಬೀಳುವ ಮೊದಲೇ ಅಕ್ಕ ಅದರ ಮೇಲಿನಿಂದ ಗಂಡನ ಮುಖ ನೋಡುತ್ತ ನಗುತ್ತಿದ್ದಳು. ಬಗ್ಗು, ಬಗ್ಗು ಎಂದು ಅವ್ವ ಹಿಂದಿನಿಂದ ಸೀರೆ ಎಳೆದಳು. ಅಕ್ಕ ಬಗ್ಗಲಿಲ್ಲ.