ಪಾಯಪ್ಪನ ಹಲ್ಲಿನೊಳಗಿನ ಜೀವಗಳು

ಬನಹಟ್ಟಿಯ ಪೇಟೆಯಲ್ಲಿ ಪಾಯಪ್ಪನ ನಾಲಿಗೆಗೆ ಇದ್ದ ಮರ್ಯಾದೆ ಸ್ವತಃ ಪಾಯಪ್ಪನಿಗೇ ಇರಲಿಲ್ಲ. ಅವನದು ಬೆಲ್ಲದ ದಲಾಲಿ. ಚಕ್ಕಡಿಯಿಂದ ಇಳಿದ ಬೆಲ್ಲದ ಪೆಂಟಿಯ ಮೂಲೆಯನ್ನು ಉಗುರಿನಿಂದ ಕೆತ್ತಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಹೊಳಿದಂಡಿ ಕಬ್ಬು. ಕಡೀಕ ಬೆಂಕಿ ಜಾಸ್ತಿ ಆಗೈತಿ" ಎಂದನೆಂದರೆ, ಗಾಣದ ಮುಂದೆ ತಾನೇ ಕೂತು ನೋಡಿ ಬಂದವನಂತೆ ಇರುತ್ತಿತ್ತು. ಬೆಳಗಿನಿಂದ ಸಂಜೆಯ ಊಟದವರೆಗೆ ಹೀಗೆ ಐವತ್ತು ಅರವತ್ತು ಪೆಂಟಿ. ನಡುವೆ ನೀರು ಕುಡಿದರೆ ರುಚಿ ಕೆಡುತ್ತದೆಂದು ತಂಬಿಗೆಯನ್ನು ಹತ್ತಿರಕ್ಕೂ ತರಿಸುತ್ತಿರಲಿಲ್ಲ. ಆರು ವರ್ಷದ ಮಗಳು ಸುಮನ ಅಂಗಡಿಗೆ ಬಂದರೆ ಅವಳ ಬಾಯಿಗೂ ಒಂದೊಂದು ಚೂರು ಬೀಳುತ್ತಿತ್ತು.

ಹಲ್ಲು ತಿಕ್ಕುವ ಮಾತು ಬಂದರೆ ಅವನು ಜೈನ ಧರ್ಮವನ್ನು ಅಡ್ಡ ತರುತ್ತಿದ್ದ.

"ಮುನಿಗಳು ಹಲ್ಲು ತಿಕ್ತಾರೇನು?" ಎಂದು ಹೆಂಡತಿ ಕಮಲಾಬಾಯಿಯನ್ನು ಕೇಳುತ್ತಿದ್ದ.

"ಮುನಿಗಳು ದಿನಕ್ಕ ಒಂದ ಹೊತ್ತು ಉಣ್ತಾರ," ಎಂದು ಅವಳು ಬೇವಿನ ಕಡ್ಡಿಯನ್ನು ಮುಂದೆ ಹಿಡಿಯುತ್ತಿದ್ದಳು. "ನಿಮ್ಮ ಬಾಯಿ ಒಂದ ಹೊತ್ತರ ಸುಮ್ನ ಇರತೈತೇನು?"

ಪಾಯಪ್ಪ ಒಂದು ಗುಟುಕು ನೀರನ್ನು ಈ ಗಲ್ಲದಿಂದ ಆ ಗಲ್ಲಕ್ಕೆ ತಿರುವಿ ಉಗುಳಿ ಅಂಗಡಿಗೆ ಹೊರಟುಬಿಡುತ್ತಿದ್ದ.

ಆ ವರ್ಷ ಗಾಣಗಳು ಭರದಿಂದ ನಡೆದಿದ್ದಾಗಲೇ ಎಡಗಡೆಯ ದವಡೆ ಹಲ್ಲು ತಿರುಗಿಬಿತ್ತು. ಮೊದಲ ದಿನ ತಣ್ಣೀರಿಗೆ ಜುಮ್ಮೆಂದಿತು. ಮೂರನೆಯ ದಿನ ನಿಂಬೆಹಣ್ಣು ಇಟ್ಟುಕೊಂಡವನಂತೆ ಗಲ್ಲ ಊದಿಕೊಂಡಿತು. ಲವಂಗ ಅದುಮಿ ಇಟ್ಟದ್ದಾಯಿತು, ಬಿಸಿ ಉಪ್ಪಿನ ಶಾಖ ಕೊಟ್ಟದ್ದಾಯಿತು. ಅಂಗಡಿಯಲ್ಲಿ ಯಾವ ಬೆಲ್ಲ ಬಾಯಿಗೆ ಹಾಕಿದರೂ ಒಂದೇ ಕೆಟ್ಟ ರುಚಿ.

ಸಂತೆಯ ದಿನ ಹಲ್ಲಿನ ಹುಳ ತೆಗೆಯುವ ಸಿದ್ದಕ್ಕ ಓಣಿಗೆ ಬಂದಳು. ಪಾಯಪ್ಪನ ಬಾಯಿಯೊಳಗೆ ಇಣುಕಿ, "ಏಳು ಹುಳಾ ಅದಾವ್ರಿ. ಮನಿ ಮಾಡ್ಕೊಂಡು ಆರಾಮ ಕುಂತಾವ. ಹೊಗಿ ಹಾಕಿದ್ರ ಉದುರತಾವ," ಎಂದಳು.

ಪಾಯಪ್ಪನ ಮುಖ ಇಳಿಯಿತು. "ಹೊಗಿಗೆ ಅವು ಸಾಯತಾವೇನು?"

"ಸತ್ತರ ನೋವು ಹೊಕ್ಕೈತಲ್ರಿ."

"ಹಂಗಾರ ಬ್ಯಾಡ."

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆತನ ಅವನದು. ದೀಪ ಹಚ್ಚಿದ ಮೇಲೆ ಹುಳ ಬಿದ್ದೀತೆಂದು ತುತ್ತು ಮುಟ್ಟಿದವನಲ್ಲ. ತನ್ನ ಸುಖಕ್ಕಾಗಿ ಏಳು ಜೀವ ತೆಗೆಯುವುದು ಅವನಿಂದ ಆಗದ ಮಾತು. ಅಂದಿನಿಂದ ಲವಂಗ ನಿಂತಿತು, ಅದರ ಖಾರ ಅವುಗಳಿಗೆ ಹತ್ತೀತೆಂದು. ಕಮಲಾಬಾಯಿ ಗಂಜಿ ಕಾಸಿ ತಂದರೆ, "ನಾ ಉಪಾಸ ಇದ್ರ ಅವೂ ಉಪಾಸ ಬೀಳತಾವ" ಎಂದು ಅವುಗಳ ಪಾಲಿಗೆ ಸಣ್ಣದೊಂದು ಬೆಲ್ಲದ ಚೂರನ್ನು ಎಡಗಡೆಗೇ ಇಟ್ಟುಕೊಂಡ. ಮರುಕ್ಷಣ ಅವನು ಕೂಗಿದ ಕೂಗಿಗೆ ಪಕ್ಕದ ಮನೆಯ ಮಗ್ಗ ನಿಂತಿತು.

ಕಮಲಾಬಾಯಿ ಸಿದ್ದಕ್ಕನನ್ನು ಮತ್ತೆ ಕರೆಸಿ, "ಜೀವಂತ ಹೊರಗ ಬರೂ ಹಾದಿ ಐತೇನವಾ?" ಎಂದು ಕೇಳಿದಳು.

"ಐತ್ರಿ. ಅದಕ್ಕ ಬ್ಯಾರೆ ಹೊಗಿ," ಎಂದಳು ಸಿದ್ದಕ್ಕ, ಒಂದಿಷ್ಟೂ ಯೋಚಿಸದೆ.

ಕೆಂಡದ ಮೇಲೆ ಯಾವುದೋ ಬೀಜಕ್ಕೆ ತುಪ್ಪ ಸವರಿ ಹಾಕಿ, ಮಣ್ಣಿನ ಕೊಳವೆಯಿಂದ ಹೊಗೆಯನ್ನು ಬಾಯಿಗೆ ಬಿಟ್ಟಳು. ಪಾಯಪ್ಪ ಕೆಮ್ಮಿ, ಕಣ್ಣೀರು ಸುರಿಸಿ, ಮುಂದಿಟ್ಟ ನೀರಿನ ಪರಾತಕ್ಕೆ ಜೊಲ್ಲು ಬಿಟ್ಟ. ನೀರಿನ ಮೇಲೆ ಬೆಳ್ಳಗೆ, ಸುರುಳಿಯಾದ ಹನ್ನೊಂದು ಹುಳ ತೇಲುತ್ತಿದ್ದವು.

"ಏಳ ಅಂದಿದ್ದಿ," ಎಂದ ಪಾಯಪ್ಪ.

"ಎರಡ ದಿನಾ ತಡಾ ಮಾಡಿದ್ರಿ. ನಾಕು ಮರಿ ಹಾಕ್ಯಾವ."

ಪಾಯಪ್ಪ ಅವನ್ನು ಬಾಳೆ ಎಲೆಯ ಮೇಲೆ ಎತ್ತಿಕೊಂಡು ಹೋಗಿ ಹಿತ್ತಲಿನ ಗಿಡದ ಬುಡದಲ್ಲಿಟ್ಟು, ಮೇಲೆ ಇನ್ನೊಂದು ಎಲೆಯ ನೆರಳು ಮಾಡಿದ. ಗುಬ್ಬಿ ತಿನ್ನದಂತೆ ಸುಮನಳನ್ನು ಕಾವಲಿಗೆ ಕೂಡಿಸಿದ. ಅವಳು ಸಂಜೆಯವರೆಗೆ ಕೂತು, "ಒಂದೂ ಅಳ್ಳಾಡವಲ್ಲವು ಅಪ್ಪಾ" ಎಂದು ವರದಿ ಒಪ್ಪಿಸಿದಳು.

"ದಣದಾವ, ಮಲಗಲಿ," ಎಂದ ಅವನು.

ಬೆಳಗಾಗುವಷ್ಟರಲ್ಲಿ ಜ್ವರ ಏರಿತ್ತು, ಬಾವು ಕಣ್ಣಿನವರೆಗೆ ಬಂದಿತ್ತು. ಕಮಲಾಬಾಯಿ ನೆಟ್ಟಗೆ ಹಿತ್ತಲಿಗೆ ಹೋದಳು. ಜೋಳ, ಅಕ್ಕಿ, ಕಾಯಿಪಲ್ಲೆಗಳಲ್ಲಿ ಹುಳ ಆರಿಸಿ ಜೀವಂತ ಹೊರಗೆ ಬಿಡುತ್ತ ಅವಳು ಹದಿನೈದು ವರ್ಷ ಕಳೆದಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ಹುಳವೂ ಒಲೆ ಹತ್ತಿದ್ದಿಲ್ಲ. ಎಲೆಯ ಮೇಲಿದ್ದ ಹುಳಗಳಲ್ಲಿ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು, ಬಿಸಿಲಿಗೆ ಹಿಡಿದು, ತಿರುವಿ ನೋಡಿ, ಒಳಗೆ ಬಂದು ಗಂಡನ ಎದುರಿಗೇ ಉಗುರಿನಿಂದ ಒತ್ತಿದಳು. ಪಾಯಪ್ಪ ಕಣ್ಣು ಮುಚ್ಚಿಕೊಂಡ.

"ಕಣ್ಣು ತೆಗೀರಿ. ಇದಕ್ಕ ತಲಿ ಇಲ್ಲ, ಬಾಯಿ ಇಲ್ಲ. ಇದು ಬೀಜದ ಒಳಗಿನ ಮೊಳಕಿ. ಕೆಂಡದಾಗ ಬೀಜ ಸಿಡದು ನೀರಿಗೆ ಬಿದ್ದೈತಿ."

ಪಾಯಪ್ಪ ಒಂದು ಕಣ್ಣು ತೆರೆದು ನೋಡಿದ. "ಮೊಳಕಿಗೆ ನೆಳ್ಳು ಮಾಡಿ ಬಂದೇನೇನು ನಾ?"

"ಚಕ್ಕಡಿ ಹೂಡಸ್ತೀನಿ, ಏಳ್ರಿ," ಎಂದಳು ಕಮಲಾಬಾಯಿ.

ಜಮಖಂಡಿಯ ದವಾಖಾನೆಯಲ್ಲಿ ಡಾಕ್ಟರರು ಅವನ ಬಾಯಿ ತೆರೆಸಿ, ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದರು.

"ಒಳಗ ಜೀವ ಅದಾವೇನ್ರಿ?" ಎಂದು ಪಾಯಪ್ಪ ಕೇಳಿದ.

"ಕೀವು ಐತಿ. ಇನ್ನ ನಾಕು ದಿನಾ ಬಿಟ್ಟಿದ್ರ ನಿಮ್ಮ ಜೀವಕ್ಕ ಕುತ್ತು ಬರತಿತ್ತು. ಕಣ್ಣಿಗೆ ಕಾಣದಂಥಾ ಸಣ್ಣ ಕ್ರಿ..."

ಗಂಡನ ಬೆನ್ನ ಹಿಂದೆ ನಿಂತಿದ್ದ ಕಮಲಾಬಾಯಿ ಜೋರಾಗಿ ಕೆಮ್ಮಿ, ಬೇಡವೆಂದು ಎರಡೂ ಕೈ ಆಡಿಸಿದಳು. ಡಾಕ್ಟರರು ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

"...ಕೊಳಿ. ಸಣ್ಣ ಕೊಳಿ ಐತ್ರಿ. ಬೆಲ್ಲದ್ದು."

ಸೂಜಿ ಚುಚ್ಚಿದರು, ಇಕ್ಕಳ ಹಾಕಿದರು. ಹಲ್ಲು ಬಂತು, ಅದರ ಹಿಂದೆ ಬಟ್ಟಲು ತುಂಬ ಕೀವು. ಪಾಯಪ್ಪ ಆ ಹಲ್ಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಒಳಗೆ ಬರೀ ಕಪ್ಪು ತೂತು. ಯಾರ ಮನೆಯನ್ನೂ ಕಿತ್ತಂತಾಗಲಿಲ್ಲವೆಂದು ನಿಟ್ಟುಸಿರು ಬಿಟ್ಟ.

ಹೊರಡುವಾಗ ಡಾಕ್ಟರರು ಜೊತೆಗೆ ಬಂದಿದ್ದ ಸುಮನಳ ಬಾಯಿಯನ್ನೂ ನೋಡಿದರು. "ಎರಡು ಹಲ್ಲು ಕರ್ರಗಾಗ್ಯಾವ. ಹಾಲಹಲ್ಲು ಅಂತ ಬಿಟ್ರ ಇದಕ್ಕೂ ನಿಮ್ಮ ಗತಿನ. ದಿನಾ ತಿಕ್ಕಸ್ರಿ, ಸಿಹಿ ತಿಂದಮ್ಯಾಲ ಬಾಯಿ ಮುಕ್ಕಳಿಸಲಿ."

ಇಕ್ಕಳ ಹಾಕಿದಾಗ ತಡೆದುಕೊಂಡಿದ್ದ ಪಾಯಪ್ಪನ ಕಣ್ಣು ಈಗ ತುಂಬಿದವು. ಅವಳ ಬಾಯಿಗೆ ಆ ಬೆಲ್ಲದ ಚೂರುಗಳನ್ನೆಲ್ಲ ಇಟ್ಟದ್ದು ಅವನ ಕೈಯೇ. ಮರುದಿನದಿಂದ ಅಪ್ಪ ಮಗಳು ಹಿತ್ತಲಿನ ಕಲ್ಲಿನ ಮೇಲೆ ಕೂತು ಬೇವಿನ ಕಡ್ಡಿ ಜಗಿಯುವುದು, ಕಮಲಾಬಾಯಿ ಇಬ್ಬರ ಬಾಯಿಯನ್ನೂ ತೆರೆಸಿ ನೋಡುವುದು ನಡೆಯಿತು.

ಅಂಗಡಿಯಲ್ಲಿಯೂ ಈಗ ಪಕ್ಕಕ್ಕೆ ಒಂದು ತಂಬಿಗೆ. ಮೊದಲ ದಿನವೇ ಚಿಮ್ಮಡದ ಪರಸಪ್ಪ ಚಕ್ಕಡಿ ತಂದ. ಪಾಯಪ್ಪ ಅವನ ಬೆಲ್ಲದ ರುಚಿ ನೋಡಿ, ಬಾಯಿ ಮುಕ್ಕಳಿಸಿ, ಚರಂಡಿಗೆ ಉಗುಳಿದ. ಪರಸಪ್ಪ ಎತ್ತುಗಳಿಗೆ ನೊಗ ಏರಿಸತೊಡಗಿದ.

"ಯಾಕೋ, ಎಲ್ಲಿಗಿ?"

"ನಮ್ಮಪ್ಪನ ಕಾಲದಿಂದ ಬೆಲ್ಲಾ ತರಾಕತ್ತೇವಿ. ಉಗುಳೂವಂಥಾದ್ದು ಇದರಾಗ ಏನೈತ್ರಿ ಸಾವ್ಕಾರ್ರ?"

ಪಾಯಪ್ಪ ಬಾಯಿ ಅಗಲ ತೆರೆದು, ಗಲ್ಲ ಎಳೆದು ಹಿಡಿದು, ಖಾಲಿ ಜಾಗ ತೋರಿಸಿದ. ಪರಸಪ್ಪ ನೊಗ ಬಿಟ್ಟು ಬಂದು, ಬಗ್ಗಿ, ಎತ್ತು ಕೊಳ್ಳುವವನಂತೆ ಬಹಳ ಹೊತ್ತು ನೋಡಿದ. ನೋಡುತ್ತ ನೋಡುತ್ತ ಅವನ ಕೈ ತಾನಾಗಿಯೇ ತನ್ನ ದವಡೆಯ ಮೇಲೆ ಹೋಯಿತು.

"ಆ ತಂಬಿಗಿ ಈಟ ಹಿಂಗ ಕೊಡ್ರಿ," ಎಂದ.