ಪ್ರಭುಲಿಂಗಪ್ಪನ ತೂಕ

ಪ್ರಭುಲಿಂಗಪ್ಪನ ಲಾರಿ ತನ್ನ ಯಜಮಾನನನ್ನೇ ಕಳ್ಳನೆಂದು ಕೂಗಿದ ದಿನ ಗೌರವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬೀದಿಯಲ್ಲಿ ಹಾರ್ನು ಒಂದೇ ಸಮನೆ ಹೊಯ್ಕೊಳ್ಳತೊಡಗಿತು. ಹಿಟ್ಟಿನ ಕೈಯಲ್ಲೇ ಓಡಿ ಬಂದು ನೋಡಿದರೆ ಕಳ್ಳನೂ ಇಲ್ಲ, ಸುಳ್ಳನೂ ಇಲ್ಲ. ಡ್ರೈವರ್ ಸೀಟಿನಲ್ಲಿ ಕೂತಿದ್ದವನು ಅವಳ ಗಂಡನೇ. ಎದುರು ಮನೆಯ ಹುಚ್ಚವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಗೌರವ್ವನಿಗೆ ಮಾತ್ರ ನಗು ಬರಲಿಲ್ಲ.

ಆ ಲಾರಿಯನ್ನು ಪ್ರಭುಲಿಂಗಪ್ಪ ಲಷ್ಕರದ ಹರಾಜಿನಲ್ಲಿ ಕೊಂಡಿದ್ದ. ಯುದ್ಧಕ್ಕೆ ಹೊರಟವರಿಗೆ ಚಾವಿ ಹುಡುಕುತ್ತ ನಿಲ್ಲಲು ಎಲ್ಲಿಯ ಪುರಸೊತ್ತು? ಅದಕ್ಕೆ ಚಾವಿಯೇ ಇರಲಿಲ್ಲ. ಒಂದು ಗುಂಡಿ ತಿರುವಿದರೆ ಯಾರ ಕೈಗಾದರೂ ಚಾಲೂ ಆಗುತ್ತಿತ್ತು. ರೋಣದ ಕಡೆ ಇಂಥದೇ ಲಾರಿಯೊಂದನ್ನು ಯಾರೋ ಹಾರಿಸಿಕೊಂಡು ಹೋಗಿ, ಗಾಲಿ ಬಿಚ್ಚಿಕೊಂಡು, ಉಳಿದದ್ದನ್ನು ಕೊಣ್ಣೂರಿನ ಹೊಳೆದಂಡೆಯಲ್ಲಿ ಬಿಟ್ಟಿದ್ದರು. ಆ ಸುದ್ದಿ ಕೇಳಿದಂದಿನಿಂದ ಪ್ರಭುಲಿಂಗಪ್ಪನಿಗೆ ನಿದ್ದೆ ಇಲ್ಲ. ಕಡೆಗೆ ಅವನು ಮಹಮ್ಮದಸಾಬನನ್ನು ಕರೆಸಿದ. ನರಗುಂದದಲ್ಲಿ ಮೋಟಾರು ಕೆಟ್ಟರೂ ಅವನೇ, ಹತ್ತಿ ಗಿರಣಿಯ ತೂಕದ ಕಾಟಾ ಕೆಟ್ಟರೂ ಅವನೇ.

ಮಹಮ್ಮದಸಾಬ ಹಳೆಯ ಕಾಟಾದ ಸ್ಪ್ರಿಂಗೊಂದನ್ನು ಡ್ರೈವರ್ ಸೀಟಿನ ಕೆಳಗೆ ಕೂರಿಸಿದ. ಅದರ ಬದಿಗೆ ಎರಡು ಹಿತ್ತಾಳೆ ಪಟ್ಟಿ, ಪಟ್ಟಿಯಿಂದ ಹಾರ್ನಿಗೆ ತಂತಿ. ಪ್ರಭುಲಿಂಗಪ್ಪ ಕೂತರೆ ಸ್ಪ್ರಿಂಗು ಪೂರಾ ಕುಸಿದು ಪಟ್ಟಿಗಳು ಅಗಲುತ್ತಿದ್ದವು, ಹಾರ್ನು ಸುಮ್ಮನಿರುತ್ತಿತ್ತು. ಅವನಿಗಿಂತ ಹಗುರಾದವನು ಕೂತು ಗುಂಡಿ ತಿರುವಿದರೆ ಪಟ್ಟಿಗಳು ಕೂಡಿಯೇ ಇದ್ದು ಊರಿಗೆಲ್ಲ ಕೇಳುವಂತೆ ಕೂಗು. ದಾರಿಯ ತಗ್ಗುದಿಣ್ಣೆಯಲ್ಲಿ ಸೀಟು ಕುಣಿದಾಗಲೆಲ್ಲ ಅದು ಸುಮ್ಮಸುಮ್ಮನೆ ಕಿರುಚುತ್ತಿತ್ತು. ಎತ್ತಿನ ಗಾಡಿಯವರು ಬೇಗ ದಾರಿ ಬಿಡುತ್ತಿದ್ದರು, ಅದೂ ಒಂದು ಲಾಭವೇ.

"ನನ್ನಷ್ಟ ತೂಕದ ಕಳ್ಳ ಈ ಸೀಮ್ಯಾಗ ಹುಟ್ಟಿಲ್ಲ ಬಿಡು," ಎಂದು ಆವತ್ತು ಪ್ರಭುಲಿಂಗಪ್ಪ ಹೊಟ್ಟೆ ಸವರಿಕೊಂಡು ನಕ್ಕಿದ್ದ. "ಹೊಟ್ಟಿ ತುಂಬಿದಾಂವ ಯಾಕ ಕಳವು ಮಾಡ್ತಾನ?"

ಆಗ ಅವನಿಗೆ ಸವರಿಕೊಳ್ಳಲು ಹೊಟ್ಟೆಯಿತ್ತು. ಈಗ ಧೋತರದ ಗಂಟು ನಿಲ್ಲುತ್ತಿರಲಿಲ್ಲ, ಅಂಗಿಯ ಕೊರಳಲ್ಲಿ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಜಾಗ. ರಾತ್ರಿಯಿಡೀ ಎದ್ದೆದ್ದು ನೀರು ಕುಡಿಯುತ್ತಿದ್ದ. ಗೌರವ್ವ ಹೇಳಿ ಹೇಳಿ ಸೋತಿದ್ದಳು.

"ಒಮ್ಮೆ ದವಾಖಾನಿಗೆ ಹೋಗಿ ಬರೂಣ್ರಿ."

"ಬ್ಯಾಸಗಿ ಐತಿ. ನೀರಡಿಕಿ ಆಗದ ಚಳಿ ಆಗ್ತೈತೇನು?"

ದವಾಖಾನೆ ಎಂದರೆ ಅವನು ಎದ್ದು ಹೋಗಿಬಿಡುತ್ತಿದ್ದ. ಅವನ ಅಣ್ಣ ಗುರುಸಂಗಪ್ಪನೂ ಹೀಗೇ ಒಣಗುತ್ತ ಹೋಗಿ, ಮಿರಜಿನ ದವಾಖಾನೆ ಸೇರಿ, ಚಾದರ ಮುಚ್ಚಿಕೊಂಡು ಊರಿಗೆ ಬಂದಿದ್ದ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಗೌರವ್ವ ಎತ್ತುತ್ತಲೂ ಇರಲಿಲ್ಲ, ಮರೆಯುತ್ತಲೂ ಇರಲಿಲ್ಲ.

ಹಾರ್ನು ಕೂಗಿದ ದಿನವೇ ಮಹಮ್ಮದಸಾಬ ಬಂದ. ಸೀಟು ತೆಗೆದು ಸ್ಪ್ರಿಂಗನ್ನು ಒತ್ತಿ ನೋಡಿದ, ಪಟ್ಟಿಗಳನ್ನು ಒರೆಸಿದ. ಆಮೇಲೆ ಮನೆ ಮುಂದಿನ ಪ್ರಭುಲಿಂಗಪ್ಪನ ಅಂಗಡಿಯಿಂದ ಒಂದು ಜೋಳದ ಚೀಲ ತರಿಸಿ ಸೀಟಿನ ಮೇಲಿಟ್ಟು ಗುಂಡಿ ತಿರುವಿದ. ಹಾರ್ನು ಪಿಟಕ್ಕೆನ್ನಲಿಲ್ಲ. ಅವನು ಚೀಲವನ್ನು ನೋಡಿದ, ಸಾಹುಕಾರನನ್ನು ನೋಡಿದ, ಕಣ್ಣು ಕೆಳಗೆ ಹಾಕಿದ.

"ಸ್ಪ್ರಿಂಗ್ ಬರೋಬರಿ ಐತ್ರಿ, ಸಾವ್ಕಾರ್ರ."

"ಬರೋಬರಿ ಇದ್ರ ನನ್ನ ಯಾಕ ಒದರ್ತೈತಿ? ಸ್ವಲ್ಪ ಸಡ್ಲ ಮಾಡು."

"ಸಡ್ಲ ಮಾಡಿದ್ರ ಯಾರ ಕುಂತ್ರೂ ಸುಮ್ನಾಗ್ತೈತ್ರಿ. ಮತ್ತ ಅದು ಇದ್ದೂ ಇಲ್ಲದಂಗ."

ಪ್ರಭುಲಿಂಗಪ್ಪನಿಗೆ ಕಳ್ಳನ ಭಯ ಒಂದು ಕಡೆ, ಬೀದಿಯವರ ನಗು ಒಂದು ಕಡೆ. "ಇರ್ಲಿ ಬಿಡು," ಎಂದು ಒಳಗೆ ಹೋದ.

ಮಹಮ್ಮದಸಾಬ ತನ್ನ ಪಾನಾ ಪಕ್ಕಡಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತ ಗೌರವ್ವನಿಗಷ್ಟೇ ಕೇಳುವಂತೆ ಹೇಳಿದ: "ಅಕ್ಕಾರ, ನಮ್ಮ ಭಾವಗೂ ಹಿಂಗ ಆಗಿತ್ರಿ. ಬರೇ ನೀರ ಕುಡಿಯೂದು, ಬರೇ ಸೊರಗೂದು. ಗದಗಿನ ದವಾಖಾನ್ಯಾಗ ದಿನಾ ಸೂಜಿ ಹಾಕಾಕ ಹಚ್ಚಿದ್ರು. ಈಗ ಹೊಲಕ್ಕ ಹೋಗಿ ಬರ್ತಾನ. ಆದ್ರ ತಡಾ ಮಾಡಬ್ಯಾಡ್ರಿ, ತಡಾ ಆದ್ರ ಸೂಜೀನೂ ಕೇಳೂದಿಲ್ಲಂತ."

ಆದರೆ ಗಂಡನನ್ನು ಹೊತ್ತುಕೊಂಡು ಹೋಗಲು ಬರುತ್ತದೆಯೇ? ತನ್ನ ಕೈಲಾಗುವುದನ್ನು ಮಾಡಿದಳು. ಗೋದಿ ಹುಗ್ಗಿಗೆ ಬೆಲ್ಲ ಹೆಚ್ಚು ಹಾಕಿದಳು, ಶೇಂಗಾದ ಹೋಳಿಗೆ ಮಾಡಿದಳು, ಮೇಲೆ ತುಪ್ಪ ಸುರಿದಳು. ಅವನು ಎಲ್ಲವನ್ನೂ ತಿಂದ, ಇನ್ನಷ್ಟು ನೀರು ಕುಡಿದ. ಪ್ರತಿ ಬೆಳಿಗ್ಗೆ ಅವನು ಲಾರಿ ಹತ್ತುವಾಗ ಅವಳು ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದಳು.

ಹಾರ್ನು ಕೂಗಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ವಾರ ಕಳೆಯಿತು. ಕನ್ನಡಿಯೂ ಕಣ್ಣೂ ಸುಳ್ಳು ಹೇಳಬಹುದು; ತೂಕ ಸುಳ್ಳು ಹೇಳುತ್ತದೆಯೇ ಎಂದು ಗೌರವ್ವ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗುಡಿಗೆ ಹೋಗಿ ಕಾಯಿ ಒಡೆಸಿಯೂ ಬಂದಳು. ಪಾಪ, ಆಸೆಪಟ್ಟವಳಿಗೆ ದೇವರೂ ಒಂದಿಷ್ಟು ದಿನ ಸಾಲ ಕೊಟ್ಟ.

ಆ ದಿನಗಳಲ್ಲೇ ಮನೆ ಮುಂದಿನ ಅಂಗಡಿಯಲ್ಲಿ ತೂಕದ ಕಲ್ಲು ಕಾಣೆಯಾದವು. ಹುಚ್ಚವ್ವ ಹುಣಸೆಹಣ್ಣಿಗೆ ಬಂದಾಗ ಸೇರಿನ ಕಲ್ಲು ಇಲ್ಲ. ಕೇಳಿದರೆ, "ಗಿರಣಿಗೆ ಒಯ್ದಾರ," ಎಂದ ಪ್ರಭುಲಿಂಗಪ್ಪ. ಆಮೇಲೆ ಐದು ಸೇರು ತೂಗುವ ಪಂಚೇರಿನ ಕಲ್ಲೂ ಇಲ್ಲ. "ಮೂಲಿ ಅಂಗಡಿ ಕನಕಪ್ಪ ಇಸ್ಕೊಂಡ ಹೋಗ್ಯಾನ." ಕಲ್ಲು ಎರವಲು ಕೊಡುವ ಜಾತಿಯ ವ್ಯಾಪಾರಿಯಲ್ಲ ಅವನು. ತಕ್ಕಡಿಯನ್ನೂ ಲಾರಿಯನ್ನೂ ಇನ್ನೊಬ್ಬರ ಕೈಗೆ ಕೊಡಬಾರದು ಎಂದು ದಿನಕ್ಕೊಮ್ಮೆ ಹೇಳುವವನು. ಗೌರವ್ವನಿಗೆ ವಿಚಿತ್ರವೆನಿಸಿತು.

ಒಂದು ಸಂಜೆ ಅಡ್ಡಮಳೆ ಬಡಿದು ಲಾರಿಯ ಸೀಟು ನೆನೆಯಿತು. ಮರುದಿನ ಮಧ್ಯಾಹ್ನ ಗಂಡ ಮಲಗಿದ್ದಾಗ ಗೌರವ್ವ ಅದನ್ನು ಬಿಸಿಲಿಗೆ ಹಾಕಲು ಹೋದಳು. ಸೀಟು ಅಲುಗಲಿಲ್ಲ. ಎರಡೂ ಕೈ ಹಾಕಿ ಜಗ್ಗಿದಳು. ಹಿಂದಿನ ಹೊಲಿಗೆ ಬಿಚ್ಚಿ ಮತ್ತೆ ದಪ್ಪ ದಾರದಿಂದ ಒರಟೊರಟಾಗಿ ಹೊಲಿದಿತ್ತು, ಗೋಣಿ ಬಾಯಿ ಹೊಲಿಯುವ ಗಂಡಸಿನ ಹೊಲಿಗೆ. ದಾರ ಕಿತ್ತು ಕೈ ತೂರಿಸಿದಳು. ಅವನ ಹಳೆಯ ಧೋತರದಲ್ಲಿ ಸುತ್ತಿದ್ದ ತಣ್ಣನೆಯ ಕಬ್ಬಿಣ ಬೆರಳಿಗೆ ತಾಗಿತು. ಪಂಚೇರಿನ ಕಲ್ಲು. ಅದರ ಪಕ್ಕ ಇನ್ನೊಂದು. ಆಮೇಲೆ ಒಂದಿಷ್ಟು ಸಣ್ಣವು, ಒಂದೊಂದೂ ಬೇರೆ ಬೇರೆ ಅರಿವೆಯಲ್ಲಿ ಕಟ್ಟಿದ್ದವು.

ಗೌರವ್ವ ಅಲ್ಲೇ ಲಾರಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇವನಿಗೆ ಏನೂ ಗೊತ್ತಿಲ್ಲ, ಹಟಮಾರಿ, ಎಂದು ಬೈದುಕೊಂಡಿದ್ದಳಲ್ಲ. ಇವನಿಗೆ ಎಲ್ಲವೂ ಗೊತ್ತಿತ್ತು. ಎಷ್ಟು ಕರಗಿದೆ ಎಂದು ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಕರಗಿದಷ್ಟು ಕಬ್ಬಿಣ ತುಂಬಿ, ಅದರ ಮೇಲೆ ಕೂತು, ಮೀಸೆ ತಿರುವಿಕೊಂಡು ಗಜೇಂದ್ರಗಡದ ಸಂತೆಗೆ ಹೋಗಿ ಬರುತ್ತಿದ್ದ. ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. ಒಬ್ಬನೇ ಕೂತು ಇದನ್ನು ಹೊಲಿಯುವಾಗ ಎಷ್ಟು ಅಂಜಿದ್ದನೋ.

ಅವಳು ಜಗಳ ಮಾಡಲಿಲ್ಲ. ಕಲ್ಲುಗಳನ್ನೆಲ್ಲ ಒಯ್ದು ತಕ್ಕಡಿಯ ಪಕ್ಕದಲ್ಲಿ ಅವುಗಳ ಜಾಗದಲ್ಲೇ ಇಟ್ಟಳು. ಸೀಟನ್ನು ಹೊಲಿದು ಮೊದಲಿನಂತೆ ಮಾಡಿದಳು. ಮರುದಿನ ಬೆಳಿಗ್ಗೆ ಅವನು ಲಾರಿ ಹತ್ತುವ ಹೊತ್ತಿಗೆ ಬಾಗಿಲ ಮರೆಯಲ್ಲಿ ನಿಲ್ಲದೆ ನೇರ ಲಾರಿಯ ಮುಂದೆ ಹೋಗಿ ನಿಂತಳು.

ಗುಂಡಿ ತಿರುವಿದ್ದೇ ತಡ, ಹಾರ್ನು ಕೂಗಿತು. ಪ್ರಭುಲಿಂಗಪ್ಪನ ಕೈ ತಟ್ಟನೆ ಸೀಟಿನ ಹಿಂದಿನ ಹೊಲಿಗೆಗೆ ಹೋಯಿತು, ಒಳಗೆ ಕಬ್ಬಿಣ ತಾಗಲಿಲ್ಲ. ಅವನು ಅವಳನ್ನು ನೋಡಿದ. ಮನೆಮನೆಗಳ ಬಾಗಿಲು ತೆರೆದವು. ಹಾರ್ನು ಕೂಗುತ್ತಲೇ ಇತ್ತು, ಅವನಿಗೆ ಗುಂಡಿ ಬಂದ್ ಮಾಡುವ ನೆನಪೂ ಇರಲಿಲ್ಲ. ಕಡೆಗೆ ಗೌರವ್ವನೇ ಹತ್ತಿ ಅವನ ಪಕ್ಕದಲ್ಲಿ ಕೂತು ಗುಂಡಿ ತಿರುವಿದಳು.

"ಕಲ್ಲು ಎಲ್ಲಿ ಇಟ್ಟಿ?"

"ಅಂಗಡ್ಯಾಗ. ಅವುಗಳ ಕೆಲಸ ಅಲ್ಲೈತ್ರಿ."

ಪ್ರಭುಲಿಂಗಪ್ಪ ಸ್ಟೇರಿಂಗಿನ ಮೇಲೆ ಕೈ ಊರಿದ. "ಅಣ್ಣ ಮಿರಜಿಗೆ ಹೋಗೂಮುಂದ ನಕ್ಕೋತನ ಹೋಗಿದ್ದ, ಗೌರಾ," ಎಂದ. "ಅಲ್ಲಿ ಕಾಟಾದ ಮ್ಯಾಲ ನಿಲ್ಲಿಸಿ ತೂಗಿದ್ರು. ಇಷ್ಟ ಐತಿ ಅಂತ ಬಾಯಿಬಿಟ್ಟ ಹೇಳಿದ್ರು. ಅವತ್ತ ಹಾಸಿಗಿ ಹಿಡದಾಂವ ಮತ್ತ ಏಳಲಿಲ್ಲ. ತೂಗೂತನಕಾ ಮಾಲು ಕಮ್ಮಿ ಅನ್ನಾಕ ಬರೂದಿಲ್ಲ ನೋಡು. ತೂಗಿದ ಮ್ಯಾಲ ಮಾತ ಮುಗೀತು."

"ಭಾವಾರು ಭಾಳ ತಡಾ ಮಾಡಿ ಹೋಗಿದ್ರು. ನಾವು ಇವತ್ತ ಹೋಗೂಣ್ರಿ."

"ನನಗ ಅಂಜಿಕಿ ಆಗ್ತೈತಿ."

ಮದುವೆಯಾದಾಗಿನಿಂದ ಈ ಮಾತನ್ನು ಅವನ ಬಾಯಲ್ಲಿ ಅವಳು ಕೇಳಿರಲಿಲ್ಲ. "ನನಗೂ ಆಗ್ತೈತ್ರಿ," ಎಂದಳು. "ಅದಕ್ಕ ಇಬ್ರೂ ಕೂಡೇ ಹೋಗೂಣು."

ಅವನು ಅಂಗಡಿ ಹಾದು ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದ. ಗೌರವ್ವ ಕರೆಸಿದ ಮಹಮ್ಮದಸಾಬನೇ ಲಾರಿ ನಡೆಸಿದ, ಹಾರ್ನಿನ ತಂತಿಯನ್ನು ಬಿಚ್ಚಿ ಪಕ್ಕಕ್ಕೆ ಸುತ್ತಿಟ್ಟಿದ್ದ. ಮೂವರೂ ಗದಗಿಗೆ ಹೋದರು.

ದವಾಖಾನೆಯಲ್ಲಿ ಬೆಂಚಿನ ಮೇಲೆ ಕೂತು ಕೂತು ಕಡೆಗೆ ಅವನ ಹೆಸರು ಬಂತು. ಮೂಲೆಯಲ್ಲಿದ್ದ ಕಾಟಾದ ಕಡೆ ಕಂಪೌಂಡರ್ ಕೈ ತೋರಿಸಿದ.

"ಇದರ ಮ್ಯಾಲ ನಿಂದರ್ರಿ, ಸಾವ್ಕಾರ್ರ. ಚಪ್ಪಲಿ ಬಿಡ್ರಿ, ಕೋಟ್ ಇದ್ರೂ ನಡೀತೈತಿ."

ಪ್ರಭುಲಿಂಗಪ್ಪ ಚಪ್ಪಲಿ ಬಿಟ್ಟ. ಒಂದು ಕಾಲು ಕಾಟಾದ ಮೇಲಿಟ್ಟು ನಿಂತ. ಗೌರವ್ವ ಮುಂದೆ ಹೋಗಿ ರಟ್ಟೆ ಹಿಡಿಯಬೇಕು ಎನ್ನುವಷ್ಟರಲ್ಲಿ ಅವನು ಕಾಲು ಹಿಂದೆಗೆದ. ಕೋಟಿನ ಒಳಜೇಬಿಗೆ ಕೈ ಹಾಕಿ, ಸೇರಿನ ಕಲ್ಲೊಂದನ್ನು ತೆಗೆದ. ಇನ್ನೊಂದು ಜೇಬಿನಿಂದ ಅರ್ಧ ಸೇರಿನದು ಬಂತು. ಎರಡನ್ನೂ ಹೆಂಡತಿಯ ಕೈಯಲ್ಲಿಟ್ಟ. ಅವು ಅವನ ಮೈಯ ಕಾವಿಗೆ ಬೆಚ್ಚಗಾಗಿದ್ದವು.

"ಹಿಡ್ಕೋ," ಎಂದು ಕಾಟಾದ ಮೇಲೆ ಹತ್ತಿ ನಿಂತ. "ಈಗ ತೂಗ್ರಿ."